ಕೊಳವೆಯ ಪಕ್ಕದ ಕೋಲು

ಅಕ್ಟೋಬರ್ 3, ಗುರುವಾರ

ಇದು ಫಾದರ್ ಬೆರ್ಜೆರೋನ್ ಕೊಟ್ಟ ಪ್ರಾಯಶ್ಚಿತ್ತ. ಕಳೆದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಐಸ್ ಮಾರುವವನ ಹೆಂಡತಿ, ಬಲೆ ನಿಷೇಧವಾದದ್ದು ಒಳ್ಳೆಯದೇ ಆಯಿತು ಎಂದಳು. ನಿನ್ನ ಗಂಡನ ಐಸಿಗಿಂತ ನಿನ್ನ ಮೋರೆ ತೋರಿಸಿದರೆ ಮೀನು ಹೆಚ್ಚು ದಿನ ಕೆಡದೆ ಉಳಿಯುತ್ತದೆ ಎಂದೆ. ಅವಳು ಅತ್ತಳು. ಫಾದರ್ ನನ್ನನ್ನು ಪಕ್ಕಕ್ಕೆ ಕರೆದರು.

“ಅಜೆಲಿ, ನಿನ್ನ ನಾಲಿಗೆ ಒಂದಲ್ಲ ಒಂದಿನ ಯಾರನ್ನಾದ್ರೂ ಕೊಲ್ಲುತ್ತೆ. ಬಾಯಿಗೆ ಬಂದಿದ್ದನ್ನೆಲ್ಲ ಆಡಬೇಡ. ಬರೆದು ಮುಚ್ಚಿಡು.”

“ಬರೆದಿದ್ದನ್ನ ಯಾರು ಓದ್ತಾರೆ?”

“ದೇವರು ಓದ್ತಾನೆ.”

“ನನ್ನ ಅಕ್ಷರ ಅವನಿಗೆ ತಿಳಿದ್ರೆ ಅದೇ ಒಂದು ಪವಾಡ ಬಿಡಿ.”

ನಾನು ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನ ತನಕ. ಮನೆಯ ಫ್ರೆಂಚ್ ಮಾತು ಬಾಯಿಂದ ಬಿದ್ದಾಗಲೆಲ್ಲ ಟೀಚರಮ್ಮ ನನ್ನನ್ನು ಮೆಕ್ಕೆಜೋಳದ ಕಾಳಿನ ಮೇಲೆ ಮಂಡಿಯೂರಿಸುತ್ತಿದ್ದಳು. ಅಷ್ಟು ಕಾಳು ಒತ್ತಿಸಿಕೊಂಡು ಕಲಿತ ಅಕ್ಷರ, ಈಗಲಾದರೂ ಕೆಲಸಕ್ಕೆ ಬರಲಿ.

ನನಗೆ ಇಬ್ಬರು ಗಂಡುಮಕ್ಕಳು. ಹಿರಿಯ ಕ್ಲೋವಿಸ್ ಅಪ್ಪನ ಹಾಗೆ ಬಲೆ ಹಾಕಿ ಮೀನು ಮಾರುವವನು. ಕಿರಿಯ ಡಡ್ಲಿ, ಊರೂರಿನಿಂದ ಮೋಜಿಗೆ ಗಾಳ ಹಾಕಲು ಬರುವವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಮೀನಿರುವ ಜಾಗ ತೋರಿಸುವವನು. ಗಾಳದವರು ಬೊಬ್ಬೆ ಹೊಡೆದರೆಂದು ಸರ್ಕಾರ ಈ ವರ್ಷ ಬಲೆಯನ್ನು ನಿಲ್ಲಿಸಿದೆ. ಅದೇ ಮೀನು ಕ್ಲೋವಿಸ್‌ನ ಬಲೆಗೆ ಬಿದ್ದರೆ ಅಪರಾಧ, ಡಡ್ಲಿಯ ಗಿರಾಕಿಯ ಗಾಳಕ್ಕೆ ಬಿದ್ದರೆ ಫೋಟೊ. ಒಬ್ಬ ನಮ್ಮ ಬಾಯೂವಿನ, ಅಂದರೆ ಜೌಗಿನ ಹೊಳೆಯ, ಈ ದಡದಲ್ಲಿದ್ದಾನೆ, ಇನ್ನೊಬ್ಬ ಆ ದಡದಲ್ಲಿ. ಕೂಗಿದರೆ ಕೇಳುವಷ್ಟು ದೂರ. ಈಗ ಕೂಗುವುದೂ ಇಲ್ಲ.

ಅಕ್ಟೋಬರ್ 6, ಭಾನುವಾರ

ಇಬ್ಬರನ್ನೂ ಊಟಕ್ಕೆ ಕರೆದೆ. ಡಡ್ಲಿ ತನ್ನ ಗಿರಾಕಿಯೊಬ್ಬನನ್ನು ಜೊತೆಗೆ ತಂದ. ಮೊಂಟಾನಾದ ಗುಡ್ಡದವನಂತೆ, ಹಾಲ್ವರ್ಸನ್ ಅಂತ ಹೆಸರು. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಚುಕ್ಕೆ ಟ್ರೌಟನ್ನು ಅವನ ತಟ್ಟೆಗೆ ಹಾಕಿದೆ.

“ರುಚಿ ಚೆನ್ನಾಗಿದೆ. ಆದ್ರೆ ಇದು ಟ್ರೌಟ್ ಅಲ್ಲ ಮೇಡಂ. ಟ್ರೌಟ್ ಅಂದ್ರೆ ಹಿಮ ಕರಗಿ ಹರಿಯೋ ತೊರೇಲಿ ಇರೋದು.”

“ನಿಮ್ಮದಕ್ಕೆ ಚುಕ್ಕೆ ಇದೆಯಾ?”

“ಇದೆ.”

“ಇದಕ್ಕೂ ಇದೆ. ಮತ್ತಿನ್ನೇನು? ನಮ್ಮಲ್ಲಿ ಬಿಳಿ ಟ್ರೌಟೂ ಇದೆ, ಸಿಹಿನೀರಿಗೆ ಹೋದ್ರೆ ಹಸಿರು ಟ್ರೌಟೂ ಇದೆ.”

ಡಡ್ಲಿ ನಕ್ಕ. “ಅವ್ವ ಹಸಿರು ಟ್ರೌಟ್ ಅನ್ನೋದು ನಿಮ್ಮ ಬಾಸ್ ಮೀನಿಗೆ.”

“ಹಾಗಾದ್ರೆ ಇವುಗಳಲ್ಲಿ ಒಂದೂ ಟ್ರೌಟ್ ಅಲ್ಲ” ಎಂದ ಗುಡ್ಡದವನು.

“ತಟ್ಟೆ ಇತ್ತ ಕೊಡಿ” ಎಂದೆ. ಅವನು ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಕ್ಲೋವಿಸ್ ಕೂಡ ನಕ್ಕ. ಅಷ್ಟು ಹೊತ್ತು ಎಲ್ಲ ಸರಿಯಾಗಿತ್ತು.

ಆಮೇಲೆ ಕ್ಲೋವಿಸ್ ಶುರುಮಾಡಿದ. “ಟ್ರೌಟೇ ಅಲ್ಲ ಅಂತ ಮೀನು ಕಾಯೋ ಆ ಸರ್ಕಾರಿ ವಾರ್ಡನ್‌ಗೆ ಒಂದು ಮಾತು ಹೇಳಿ ಸ್ವಾಮಿ. ಕಾನೂನಿನ ಕಾಗದದಲ್ಲಿ ಯಾವುದೋ ಲ್ಯಾಟಿನ್ ಹೆಸರು ಹಾಕಿದಾರೆ. ಆ ಹೆಸರಿನ ಮೀನನ್ನ ನಾನು ಹುಟ್ಟಿದಾಗಿನಿಂದ ಹಿಡಿದಿಲ್ಲ.”

“ಹೆಸರು ಯಾವುದಾದ್ರೇನು, ನಿನ್ನ ಬಲೆ ಗುಡಿಸಿ ಹಾಕಿದ್ದು ಇದನ್ನೇ ಅಲ್ವಾ?” ಎಂದ ಡಡ್ಲಿ. “ನಮಗೆ ಮರಿಯನ್ನೂ ಉಳಿಸಲಿಲ್ಲ.”

ಕ್ಲೋವಿಸ್ ಮುಳ್ಳುಚಮಚ ಎತ್ತಿ ತಮ್ಮನ ಬೆರಳುಗಳ ನಡುವೆ ಚುಚ್ಚಿದ. ಅದು ಮೇಜಿನಲ್ಲಿ ನೆಟ್ಟಗೆ ನಿಂತಿತು. ಬೆರಳಿಗೆ ತಾಗಲಿಲ್ಲ. ತಾಗಿಸಬಾರದೆಂದೇ ಚುಚ್ಚಿದನೋ, ಗುರಿ ತಪ್ಪಿತೋ ತಿಳಿಯದು. ನನ್ನ ಅಡುಗೆಮನೆಯಲ್ಲಿ ಯಾರೂ ಕೈ ಎತ್ತುವಂತಿಲ್ಲ, ಎತ್ತುವವರು ಹೊರಗೆ ಹೋಗಿ ಎಂದೆ. ಇಬ್ಬರೂ ಹೋದರು. ಗುಡ್ಡದವನು ಮಾತ್ರ ಕೂತು ಎರಡನೆಯ ಮೀನು ತಿಂದ.

ಮಲಗುವ ಮುಂಚೆ ಕ್ಲೋವಿಸ್‌ಗಾಗಿ ಒಂದು ಸುತ್ತು, ಡಡ್ಲಿಗಾಗಿ ಒಂದು ಸುತ್ತು ಜಪಮಾಲೆ ಎಣಿಸಿದೆ.

ಅಕ್ಟೋಬರ್ 15, ಮಂಗಳವಾರ

ಕ್ಲೋವಿಸ್ ಕದ್ದು ಹಾಕಿದ್ದ ಬಲೆ ಚೂರುಚೂರಾಗಿದೆ. ಅದನ್ನು ನನ್ನ ಅಂಗಳಕ್ಕೆ ಎಳೆದು ತಂದು ಹೆಣದ ಹಾಗೆ ಉದ್ದಕ್ಕೆ ಮಲಗಿಸಿದ. ಆ ಬಲೆಯ ಅರ್ಧ ಹೆಣೆದದ್ದು ಅವನ ಅಪ್ಪ ಯುಲಿಸ್.

“ಚಾಕು ಹಾಕಿದಾನೆ. ನಿನ್ನ ಕಿರೀಮಗ.”

“ನೀನು ನೋಡಿದ್ಯಾ?”

“ನೋಡೋದೇನಿದೆ?”

ಡಡ್ಲಿಯನ್ನು ಕೇಳಿದೆ. ದೇವರಾಣೆ ನಾನಲ್ಲ ಅವ್ವ ಎಂದ. ಹೌದೆಂದಿದ್ದರೂ ಇಷ್ಟು ಭಯವಾಗುತ್ತಿರಲಿಲ್ಲ. ಅಲ್ಲವೆಂದವನ ಕಣ್ಣಲ್ಲಿ, ಬಲೆ ಹರಿದದ್ದಕ್ಕೆ ಖುಷಿಯಿತ್ತು.

ಅಕ್ಟೋಬರ್ 16, ಬುಧವಾರ

ನೀರಲ್ಲಿ ಮುಳುಗಿಸಿಟ್ಟ ತಂತಿಯ ಏಡಿಪೆಟ್ಟಿಗೆ ಎತ್ತಲು ಕೊಲ್ಲಿಯ ಬಾಯಿಗೆ ಹೋದೆ. ಎಣ್ಣೆ ಕಂಪನಿಯವರು ಬಾವಿ ಬತ್ತಿದ ಮೇಲೆ ಬಿಟ್ಟುಹೋದ ಕಬ್ಬಿಣದ ಕೊಳವೆ ಅಲ್ಲಿ ನೀರಿನೊಳಗೆ ನಿಂತಿದೆ, ಮೇಲಿಂದ ಕಾಣುವುದಿಲ್ಲ. ಯುಲಿಸ್ ಅದಕ್ಕೆ ಬಡಿದು ಪಕ್ಕೆಲುಬು ಮುರಿದುಕೊಂಡ ವರ್ಷ, ಅದರ ಪಕ್ಕದಲ್ಲೇ ಒಂದು ಬಿದಿರು ಕೋಲು ನೆಟ್ಟು ತುದಿಗೆ ನನ್ನ ಲಂಗದ ಚೂರು ಕಟ್ಟಿದ. ಅಂದಿನಿಂದ ಆ ದಾರಿಯಲ್ಲಿ ಹೋಗುವ ಎಲ್ಲರೂ ಕೋಲು ಕಂಡರೆ ದೂರ ಸರಿದು ಹೋಗುತ್ತಾರೆ. ಬಟ್ಟೆ ಬಿಸಿಲಿಗೆ ಬಿಳಿಚಿದೆ, ಆದರೂ ಗಟ್ಟಿ ಇದೆ.

ಈ ಬಾಯೂವಿನಲ್ಲಿ ಇನ್ನೊಬ್ಬನ ಬಲೆ ಕದಿಯುವವರು ಇದ್ದಾರೆ, ಹೆಂಡತಿಯನ್ನು ಕದ್ದವರೂ ಇದ್ದಾರೆ. ಗುರುತಿನ ಕೋಲಿಗೆ ಕೈ ಹಚ್ಚಿದವರು ಮಾತ್ರ ಇಲ್ಲ. ಹಗೆಯವನ ಕೋಲು ವಾಲಿದ್ದರೂ ನಿಲ್ಲಿಸಿ, ನೆಟ್ಟಗೆ ಮಾಡಿ ಹೋಗುತ್ತಾರೆ. ನಮ್ಮಲ್ಲಿ ಉಳಿದಿರುವ ಮಾನ ಅಷ್ಟೇ.

ಅಕ್ಟೋಬರ್ 22, ಮಂಗಳವಾರ

ಡಡ್ಲಿಯ ದೋಣಿಯ ತಳಕ್ಕೆ ಕೊಡಲಿ ಬಿದ್ದಿದೆ. ಕಟ್ಟೆಯ ಪಕ್ಕದಲ್ಲೇ ಮುಳುಗಿ ಕೂತಿದೆ, ಗಿರಾಕಿಗಳ ಗಾಳದ ಕಡ್ಡಿಗಳು ನೀರಿನಿಂದ ಮೇಲೆ ಚಾಚಿಕೊಂಡಿವೆ.

ಅವನು ಬಂದೂಕು ಹಿಡಿದು ಸೇತುವೆಯಿಂದ ಈಚೆ ಬಂದು ನನ್ನ ಅಂಗಳ ದಾಟಿ ಅಣ್ಣನ ಮನೆ ಕಡೆ ನಡೆದ. “ಎಲ್ಲಿಗೋ?” ಎಂದೆ. “ದಾರಿ ಬಿಡು ಅವ್ವ” ಎಂದ. ದಾರಿ ಬಿಟ್ಟೆ. ದಾಟಿಹೋಗುವಾಗ ಹಿಂದಿನಿಂದ ಹುಟ್ಟು ಬೀಸಿ ಮಣಿಕಟ್ಟಿಗೆ ಹೊಡೆದೆ. ಬಂದೂಕು ಬಿತ್ತು, ಒಂದು ಈಡು ಹಾರಿ ಚರೆಯೆಲ್ಲ ನನ್ನ ಕೋಳಿಗೂಡಿಗೆ ಬಡಿಯಿತು. ಮೂರು ಕೋಳಿ ಹೋದವು. ಪುಕ್ಕ ಕಿತ್ತು ಗಂಬೊ ಸಾರು ಮಾಡಿದೆ. ಬಂದೂಕು ಈಗ ನನ್ನ ಮಂಚದ ಕೆಳಗಿದೆ.

ಈ ವಯಸ್ಸಿನಲ್ಲೂ ಕೈ ಇಷ್ಟು ಚುರುಕಾಗಿದೆ ಎಂದು ಗೊತ್ತಿರಲಿಲ್ಲ. ಸಾರು ರುಚಿಯಾಗಿತ್ತು.

ನವೆಂಬರ್ 1, ಶುಕ್ರವಾರ

ಸಕಲ ಸಂತರ ಹಬ್ಬ. ಊರಿನವರೆಲ್ಲ ತಮ್ಮ ತಮ್ಮ ಸತ್ತವರ ಸಮಾಧಿಗೆ ಸುಣ್ಣ ಬಳಿಯಲು ಬಂದಿದ್ದರು. ಯುಲಿಸ್‌ನ ಸಮಾಧಿಯ ಎಡಕ್ಕೆ ಕ್ಲೋವಿಸ್, ಬಲಕ್ಕೆ ಡಡ್ಲಿ, ತಲೆಯ ಕಡೆ ನಾನು. ಸತ್ತವನ ಮುಂದೆಯಾದರೂ ಸುಮ್ಮನಿರುತ್ತಾರೆಂದು ಅಂದುಕೊಂಡಿದ್ದೆ.

“ಅಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಬಲೆ ಸುಟ್ಟು ಬೇರೆ ಕೆಲಸ ನೋಡ್ಕೋತಿದ್ದ” ಎಂದ ಡಡ್ಲಿ. ಬಳಿಯುತ್ತಲೇ ಅಂದ, ತಲೆ ಎತ್ತಲಿಲ್ಲ.

“ಅಪ್ಪ ಇದ್ದಿದ್ರೆ ಅವನಿಗೂ ಗಿರಾಕಿ ಬೂಟು ಒರೆಸೋದು ಕಲಿಸ್ತಿದ್ದೆ ನೀನು.”

“ಬೂಟು ಒರೆಸಿದ್ರೂ ಕಾನೂನಿನ ಒಳಗೇ ಇದೀನಿ. ನಿನ್ನ ಹಾಗೆ ಕದ್ದು ತಿನ್ನಲ್ಲ.”

ಕ್ಲೋವಿಸ್ ಸುಣ್ಣದ ಬಕೆಟ್ಟನ್ನು ಹಾಗೆಯೇ ಎತ್ತಿ ತಮ್ಮನ ಮುಖಕ್ಕೆ ಎರಚಿದ. ಸುಣ್ಣ ಅರಳಿ ಇನ್ನೂ ಆರಿರಲಿಲ್ಲ. ಡಡ್ಲಿ ಕಿರುಚಿದ್ದು ಆಚೆ ದಡದ ನಾಯಿಗಳಿಗೂ ಕೇಳಿ ಅವೂ ಊಳಿಟ್ಟವು. ನಾನು ಪಕ್ಕದ ಸಮಾಧಿಯ ಹೂದಾನಿಗಳ ನೀರನ್ನೆಲ್ಲ ಅವನ ಕಣ್ಣಿಗೆ ಸುರಿದೆ. ಇಡೀ ಊರು ಕುಂಚ ಹಿಡಿದು ನಿಂತು ನೋಡಿತು. ಡಡ್ಲಿಯನ್ನು ಆಸ್ಪತ್ರೆಗೆ ಒಯ್ದ ಮೇಲೆ ಕ್ಲೋವಿಸ್ ಅಲ್ಲೇ ನಿಂತಿದ್ದ. “ಅವನೇ ಶುರುಮಾಡಿದ್ದು” ಎಂದ, ಸಣ್ಣ ಹುಡುಗನ ಹಾಗೆ. ಕುಂಚದ ಹಿಡಿಯಿಂದ ಬಾಯಿಗೆ ಹೊಡೆದೆ. ಒಂದು ಹಲ್ಲು ಸಮಾಧಿಯ ಮೇಲೆ ಬಿತ್ತು.

ಉಳಿದ ಭಾಗಕ್ಕೆ ನಾನೊಬ್ಬಳೇ ಸುಣ್ಣ ಬಳಿದೆ. ಹಲ್ಲಿನ ಮೇಲೂ ಬಳಿದೆ. ಹಬ್ಬದ ಕೆಲಸ ಅರ್ಧಕ್ಕೆ ಬಿಡಬಾರದು.

ನವೆಂಬರ್ 5, ಮಂಗಳವಾರ

ಡಡ್ಲಿಯ ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಮಸುಕು ಮಸುಕಾಗಿ ಕಾಣುತ್ತದಂತೆ. ದೋಣಿ ರಿಪೇರಿಯಾದ ಕೂಡಲೇ ಮತ್ತೆ ಹೋಗುತ್ತಾನಂತೆ.

“ಕಾಣದೆ ಹೇಗೆ ಹೋಗ್ತೀಯಾ?”

“ಕೋಲುಗಳು ಇದಾವಲ್ಲ ಅವ್ವ. ಒಂದು ಕೋಲಿಂದ ಇನ್ನೊಂದು ಕೋಲಿಗೆ ಹೋದ್ರಾಯ್ತು.”

ಜಪಮಾಲೆ ಎಲ್ಲಿಟ್ಟೆನೋ ಸಿಗಲಿಲ್ಲ. ಹುಡುಕಲೂ ಇಲ್ಲ.

ನವೆಂಬರ್ 14, ಗುರುವಾರ

ನನ್ನ ಏಡಿಪೆಟ್ಟಿಗೆಯನ್ನು ಒಂದು ಮೊಸಳೆಮೂತಿ ಮೀನು ಹರಿದು ಅದರಲ್ಲೇ ಸಿಕ್ಕಿಕೊಂಡಿತ್ತು. ನನ್ನಷ್ಟು ಉದ್ದ, ಎರಡು ಸಾಲು ಹಲ್ಲು. ದೋಣಿಯ ಅಂಚಿಗೆ ಎಳೆದುಕೊಂಡು ಕೊಡಲಿಯ ಹಿಂಬದಿಯಿಂದ ತಲೆಗೆ ಹೊಡೆದೆ. ಆಗಲೇ ಸತ್ತಿತ್ತು. ಕೈ ನಿಲ್ಲಲಿಲ್ಲ. ಕೊನೆಗೆ ನೋಡಿದರೆ ದೋಣಿಯ ಹಲಗೆಯೂ ಸೀಳಿತ್ತು, ನನ್ನ ಬಾಯಲ್ಲೂ ರಕ್ತ. ಅದರದ್ದೋ ನನ್ನದೋ.

ಹಲ್ಲುಗಳ ಸಂದಿಯಲ್ಲಿ ದಾರ. ಹಸಿರು ದಾರ, ಯುಲಿಸ್ ಹೆಣೆಯುತ್ತಿದ್ದ ದಾರ. ಬಲೆ ಹರಿದದ್ದು ಈ ಮೀನು. ಡಡ್ಲಿಯಲ್ಲ.

ತಲೆ ಕಡಿದುಕೊಂಡು ಕ್ಲೋವಿಸ್‌ನ ಮನೆಗೆ ಹೋದೆ. “ನೋಡು, ಇವನೇ ನಿನ್ನ ತಮ್ಮ. ಇದರ ಕಣ್ಣಿಗೆ ಸುಣ್ಣ ಹಾಕಬೇಕಾಗಿತ್ತು ನೀನು” ಎಂದೆ. ಅವನ ಹೆಂಡತಿ ಅರ್ಲೀನ್ ಬಾಗಿಲಲ್ಲೇ ನಿಂತು ಬಾಯಿ ಮುಚ್ಚಿಕೊಂಡಳು. ಕ್ಲೋವಿಸ್ ದಾರ ಎಳೆದು ನೋಡಿದ, ತುಂಬ ಹೊತ್ತು ನೋಡಿದ.

“ಚಾಕುಗೂ ಹಲ್ಲಿಗೂ ವ್ಯತ್ಯಾಸ ನಂಗೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ. ಅದಕ್ಕೇ ಹೇಳ್ತಿದೀನಿ.”

ಅವನು ತಲೆಯನ್ನು ನೀರಿಗೆ ಎಸೆದ. “ಅವನ ಪರ ಮಾತಾಡೋಕೆ ಸತ್ತ ಮೀನನ್ನೂ ಕರ್ಕೊಂಡು ಬಂದ್ಯಾ ಅವ್ವ?”

ತಮ್ಮನ ಕಣ್ಣೊಂದು ಹೋದ ಮೇಲೆ, ತಾನು ತಪ್ಪಿದೆ ಎನ್ನಲು ಅವನಿಗೆ ದಾರಿ ಉಳಿದಿಲ್ಲ. ಆಡಿದ ಮಾತು ಅಷ್ಟೂ ದಂಡ. ಫಾದರ್ ಹೇಳಿದ್ದು ಸರಿ.

ನವೆಂಬರ್ 26, ಮಂಗಳವಾರ

ಎರಡು ದಿನದಿಂದ ಉತ್ತರದ ಗಾಳಿ. ಗಾಳಿ ನೀರನ್ನೆಲ್ಲ ಸಮುದ್ರಕ್ಕೆ ತಳ್ಳಿ ಕೊಲ್ಲಿಯ ಬಾಯಲ್ಲಿ ನೀರು ತಗ್ಗಿದೆ. ಏಡಿಗೆ ಹೋದವಳು ಕೋಲು ಕಂಡು ರೂಢಿಯಂತೆ ದೂರ ಸರಿದೆ. ಸರಿದ ಕಡೆಯಲ್ಲಿ ದೋಣಿಯ ಹೊಟ್ಟೆ ಕಬ್ಬಿಣಕ್ಕೆ ಉಜ್ಜಿತು.

ಹುಟ್ಟು ಇಳಿಸಿ ತಡವಿದೆ. ಕೊಳವೆ ನನ್ನ ಕೆಳಗಿದೆ, ಒಂದು ಗೇಣು ನೀರಿನಡಿ. ಕೋಲು ಅಷ್ಟು ದೂರ ಆಳದ ಒಳ್ಳೆಯ ನೀರಿನಲ್ಲಿ ನಿಂತಿದೆ. ಕೋಲನ್ನು ನಂಬಿ ದೂರ ಸರಿಯುವವನು ಸೀದಾ ಕೊಳವೆಯ ಮೇಲೆ ಬರುವ ಹಾಗೆ.

ಹುಟ್ಟು ಹಾಕಿಕೊಂಡು ಕೋಲಿನ ಹತ್ತಿರ ಹೋದೆ. ಕೆಸರಿನಿಂದ ಕೀಳಲು ಕಟ್ಟಿದ ಹಗ್ಗದ ತುಂಡು ಇನ್ನೂ ಕೋಲಿಗೇ ಇತ್ತು. ಗಂಟು ಬಲೆಯವರದು, ಯುಲಿಸ್ ಹಿರಿಯ ಮಗನಿಗೆ ಮಾತ್ರ ಕಲಿಸಿದ್ದು. ವಾಪಸ್ ಬರುವಾಗ ಕ್ಲೋವಿಸ್‌ನ ದೋಣಿ ನೋಡಿದೆ. ಒಳಗೆಲ್ಲ ಕೊಳವೆ ಬುಡದ ನೀಲಿ ಕೆಸರು.

ಡಡ್ಲಿಯ ದೋಣಿ ಸರಿಯಾಗಿದೆ. ಶನಿವಾರ ಬೆಳಗ್ಗೆ ನಾಲ್ಕು ಜನ ಗಿರಾಕಿಗಳ ಜೊತೆ ಆ ದಾರಿಯಲ್ಲೇ ಹೋಗುತ್ತಾನೆಂದು ಊರಿಗೆಲ್ಲ ಗೊತ್ತು.

ನವೆಂಬರ್ 27, ಬುಧವಾರ

ಕ್ಲೋವಿಸ್ ದಿನಾ ಬೆಳಗ್ಗೆ ದೋಣಿಗೆ ಹೋಗುವ ಮುಂಚೆ ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿದು ಜೋಳದ ಬ್ರೆಡ್ ತಿನ್ನುತ್ತಾನೆ. ಹೆಂಡತಿ ಮಾಡಿದ್ದು ಅವನಿಗೆ ಇಳಿಯುವುದಿಲ್ಲ.

“ಕೊಲ್ಲಿ ಬಾಯಲ್ಲಿ ಅಪ್ಪನ ಕೋಲು ಹೇಗಿದೆ?” ಎಂದು ಕೇಳಿದೆ. “ಗಾಳಿಗೆ ಅಲ್ಲಾಡಿರಬೇಕು.”

“ಎಲ್ಲಿತ್ತೋ ಅಲ್ಲೇ ಇದೆ ಅವ್ವ.”

“ನೋಡಿದ್ಯಾ?”

“ನಿನ್ನೆ ನೋಡ್ದೆ. ಕಲ್ಲಿನ ಹಾಗೆ ನಿಂತಿದೆ.” ಬ್ರೆಡ್ಡಿಗೆ ಕಬ್ಬಿನ ಪಾಕ ಸುರಿದುಕೊಂಡ.

ಹೆತ್ತವಳ ಮುಖ ನೋಡಿಕೊಂಡು ಸುಳ್ಳು ಹೇಳಿದ. ಡಡ್ಲಿಗೆ ತಿಳಿಸಿದರೆ ಇನ್ನೊಂದು ಬಂದೂಕು ಎಲ್ಲಿಂದಲಾದರೂ ತರುತ್ತಾನೆ. ನನಗೆ ಗೊತ್ತೆಂದು ಇವನಿಗೆ ತಿಳಿದರೆ ಇನ್ನೊಂದು ಉಪಾಯ ಹುಡುಕುತ್ತಾನೆ. ಸದ್ದಿಲ್ಲದೆ ಕೋಲನ್ನು ಜಾಗಕ್ಕೆ ನೆಟ್ಟರೆ ಮುಗಿಯಿತು.

ನವೆಂಬರ್ 28, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಡಡ್ಲಿಯ ಹೆಂಡತಿ ಬೆಳಗ್ಗೆಯೇ ಹೊಸ ಏಪ್ರನ್ ಕೊಟ್ಟುಹೋದಳು, ಹಳದಿ ಬಣ್ಣದ್ದು. ಅದನ್ನೇ ತೊಟ್ಟು ಕೋಳಿ ಒಲೆಗಿಟ್ಟು ಕೊಲ್ಲಿಗೆ ಹೋದೆ. ಹಬ್ಬದ ದಿನ ನೀರಿನ ಮೇಲೆ ಯಾರೂ ಇರಲಿಲ್ಲ.

ಕೋಲು ಕೀಳುವುದರಲ್ಲಿ ಉಸಿರು ಹೋಯಿತು. ಹಳೆಯ ಬಟ್ಟೆ ಕೈಯಲ್ಲೇ ಹರಿದು ಬಂತು. ಕೊಳವೆಯ ಪಕ್ಕ ನೆಟ್ಟು, ಹೊಸ ಏಪ್ರನ್ನಿನ ಅಂಚು ಹಲ್ಲಿನಿಂದ ಸೀಳಿ ತುದಿಗೆ ಕಟ್ಟಿದೆ. ಅವನ ಹಗ್ಗದ ಗಂಟು ಬಿಚ್ಚಲಾಗಲಿಲ್ಲ, ಹಾಗೇ ಬಿಟ್ಟೆ.

ಮಧ್ಯಾಹ್ನ ಕ್ಲೋವಿಸ್ ಮತ್ತು ಅರ್ಲೀನ್ ಬಂದರು. ಡಡ್ಲಿ ಬರಲಿಲ್ಲ. ಕ್ಲೋವಿಸ್ ತುಂಬ ದಿನದ ಮೇಲೆ ಹಾಡು ಗುನುಗಿದ. ಶನಿವಾರ ಮಾತ್ರ ಆ ಕಡೆ ಬಲೆಗೆ ಹೋಗಲ್ಲ, ಮನೆಯಲ್ಲೇ ಇರ್ತೀನಿ ಎಂದು ಕೇಳದಿದ್ದರೂ ಹೇಳಿದ. ಕೋಳಿಯ ತೊಡೆ ಅವನಿಗೇ ಬಡಿಸಿದೆ.

ನವೆಂಬರ್ 29, ಶುಕ್ರವಾರ

ಗಾಳಿ ನಿಂತಿದೆ. ದಟ್ಟ ಮಂಜು, ಅಂಗಳದ ಮರ ಕಾಣುತ್ತಿಲ್ಲ. ಕ್ಲೋವಿಸ್ ಕಾಫಿಗೆ ಬಂದ. ವಾರ್ಡನ್‌ಗಳು ಹಬ್ಬದ ನಿದ್ದೆ ಮುಗಿಸುವ ಮೊದಲು ಬಲೆ ಎತ್ತಬೇಕಂತೆ, ಕೊಲ್ಲಿಯ ಬಾಯಿಂದ ಆಚೆ.

“ಈ ಮಂಜಲ್ಲಿ?”

“ಅಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೂರ್ತಿ ಎಂಜಿನ್ ಬಿಟ್ಟು ಹೋಗ್ತೀನಿ.”

ಬೇರೆಯವರು ಕೋಲು ಕಂಡರೆ ದೂರ ಸರಿಯುತ್ತಾರೆ. ಕೋಲು ಒಳ್ಳೆಯ ನೀರಿನಲ್ಲಿದೆ ಎಂದು ನಂಬಿ ಸೀದಾ ಅದರ ಪಕ್ಕಕ್ಕೇ ನುಗ್ಗುವವನು ಈ ಬಾಯೂವಿನಲ್ಲಿ ಒಬ್ಬನೇ.

ಮಾತು ಬಾಯಿಯ ತನಕ ಬಂತು. ಬಾಯಿಗೆ ಬಂದದ್ದನ್ನೆಲ್ಲ ಆಡಬೇಡ ಎಂದು ಫಾದರ್ ಹೇಳಿದ್ದಾರೆ.

“ಇನ್ನೊಂದು ತುಂಡು ಕೊಡು ಅವ್ವ” ಎಂದ. ಕೊಯ್ದು ಕೊಟ್ಟೆ, ಪಾಕ ಜಾಸ್ತಿ ಹಾಕಿದೆ. ತಿಂದು ತುಟಿ ಒರೆಸಿಕೊಂಡು ಹೋದ. ಹಲ್ಲು ಹೋದ ಜಾಗದಲ್ಲಿ ಬ್ರೆಡ್ಡಿನ ಪುಡಿ ಸಿಕ್ಕಿಕೊಂಡಿತ್ತು, ಅದನ್ನೂ ಹೇಳಲಿಲ್ಲ.

ಇದನ್ನು ಬರೆಯುತ್ತಿರುವಾಗ ಅವನ ಎಂಜಿನ್ ಸದ್ದು ಕೇಳುತ್ತಿದೆ. ಮಂಜಿನಲ್ಲಿ ಸದ್ದು ಪಕ್ಕದಲ್ಲೇ ಇದ್ದ ಹಾಗಿರುತ್ತದೆ. ತಿರುವು ದಾಟಿದ. ಈಗ ಪೂರ್ತಿ ಬಿಟ್ಟ.

ಸದ್ದು ನಿಂತಿತು.

ಅವನ ಲೋಟದಲ್ಲಿ ಉಳಿದ ಕಾಫಿ ಇನ್ನೂ ಬಿಸಿ ಇದೆ.

ನವೆಂಬರ್ 30, ಶನಿವಾರ

ಡಡ್ಲಿಯೇ ತಂದ. ಎದೆಯ ಗೂಡು ಒಳಗೆ ಹೋಗಿತ್ತು. ತನ್ನ ಮಳೆಕೋಟು ಹೊದಿಸಿದ್ದ. ಅಣ್ಣನನ್ನು ಕಟ್ಟೆಯ ಮೇಲೆ ಮಲಗಿಸಿ ಕಾಲ ಹತ್ತಿರ ಕೂತ. ಕುರುಡುಗಣ್ಣಲ್ಲೂ ನೀರು ಬಂತು.

ಡಿಸೆಂಬರ್ 3, ಮಂಗಳವಾರ

ಮಣ್ಣಾಯಿತು. ಯುಲಿಸ್‌ನ ಪಕ್ಕದಲ್ಲೇ ಇಟ್ಟೆವು. ಸುಣ್ಣ ಇನ್ನೂ ಬೆಳ್ಳಗಿದೆ.

ಅರ್ಲೀನ್ ಒಂದೇ ಮಾತು ಹಿಡಿದಿದ್ದಳು. “ಅವರಿಗೆ ಆ ಕೊಳವೆ ಗೊತ್ತಿತ್ತು ಅತ್ತೆ. ಕೋಲೂ ಅಲ್ಲೇ ಇತ್ತಂತೆ. ಕೋಲು ಇದ್ದೂ ಅದರ ಮೇಲೇ ಯಾಕೆ ಹೋದ್ರು?”

“ಮಂಜಿತ್ತು ಮಗಳೇ” ಎಂದೆ.

ಐಸ್ ಮಾರುವವನ ಹೆಂಡತಿ ಬಂದು ಕೈ ಹಿಡಿದಳು. ಅವಳಿಗೆ ನಾನು ಏನೂ ಅನ್ನಲಿಲ್ಲ. ಫಾದರ್ ನೋಡುತ್ತಿದ್ದರು. ಹೋಗುವಾಗ ಭುಜದ ಮೇಲೆ ಕೈಯಿಟ್ಟರು.

“ದುಃಖ ನಿನ್ನನ್ನ ಪಳಗಿಸಿದೆ ಅಜೆಲಿ. ಬರೀತಾ ಇದೀಯಾ?”

“ಬರೀತಿದೀನಿ ಫಾದರ್.”

“ಒಳ್ಳೇದಾಯ್ತಲ್ಲ?”

“ಆಯ್ತು” ಎಂದೆ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ. ಬಂದೂಕನ್ನು ಡಡ್ಲಿಗೆ ವಾಪಸ್ ಕೊಡಬೇಕು, ಇನ್ನು ಅದರ ಕೆಲಸವಿಲ್ಲ.

ಡಿಸೆಂಬರ್ 8, ಭಾನುವಾರ

ಡಡ್ಲಿ ಬೆಳಗ್ಗೆ ಬಂದ. ಕ್ಲೋವಿಸ್ ಕೂರುತ್ತಿದ್ದ ಕುರ್ಚಿಯಲ್ಲೇ ಕೂತ, ಬೇರೆ ಕುರ್ಚಿಗಳಿದ್ದವು. ಕೊಲ್ಲಿಗೆ ಹೋಗಿದ್ದನಂತೆ, ಡಿಕ್ಕಿಯಲ್ಲಿ ವಾಲಿದ ಕೋಲನ್ನು ನೆಟ್ಟಗೆ ಮಾಡಲು. ಆ ಮಸುಕು ಕಣ್ಣಲ್ಲೇ ಹೋಗಿ ಬಂದಿದ್ದಾನೆ. ನೀರು ತಗ್ಗಿತ್ತು, ಕೋಲು ನೆಟ್ಟು ಕಿತ್ತ ಇನ್ನೊಂದು ಗುಳಿ ಆಚೆ ಕಡೆ ಹುಟ್ಟಿಗೆ ಸಿಕ್ಕಿತು ಎಂದ.

ಆಮೇಲೆ ಜೇಬಿನಿಂದ ಎರಡು ವಸ್ತು ತೆಗೆದು ಮುಳ್ಳುಚಮಚದ ತೂತುಗಳ ಪಕ್ಕ ಮೇಜಿನ ಮೇಲಿಟ್ಟ. ಬಲೆಯ ಗಂಟಿದ್ದ ಹಗ್ಗದ ತುಂಡು. ಹಳದಿ ಬಟ್ಟೆಯ ಚೂರು.

ನಾನು ಒಲೆಯ ಹತ್ತಿರ ನಿಂತಿದ್ದೆ, ಅದೇ ಏಪ್ರನ್ ತೊಟ್ಟು. ಹರಿದ ಅಂಚನ್ನು ಹೊಲಿಯಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಅವನು ಒಂದು ಕಣ್ಣಿನಿಂದ ಅಂಚನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದ. ಕೇಳಲಿಲ್ಲ. ಅವನೂ ಕಲಿಯುತ್ತಿದ್ದಾನೆ.

ಕಾಫಿ ಕೊಟ್ಟೆ. ಬ್ರೆಡ್ ಕೊಯ್ದು ಪಾಕ ಹಾಕಿ ಕೊಟ್ಟೆ. ಮೆಲ್ಲಗೆ ತಿಂದ. ಎರಡನೆಯ ತುಂಡು ಕೊಯ್ಯಲು ಚಾಕು ಎತ್ತಿದೆ.

“ಬೇಡ ಅವ್ವ” ಎಂದು ತಟ್ಟೆಯ ಮೇಲೆ ಕೈ ಮುಚ್ಚಿದ.